ಗುಮಾನಿ ನಿಜವಾದರೆ ಸಾಕೇ?

ಒಂದು ಕಾರ್ಟೂನ್ ಸರಣಿಯಲ್ಲಿ ಗೂಢಚಾರ ಯಾರಿರಬಹುದು, ಯಾರು ಯಾರಿಗೆ ಕೈಕೊಡಬಹುದು ಎಂದು ಬೆಳೆದ ಹುಡುಗ ಹುಡುಗಿಯರು ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳುತ್ತಾರೆಂದರೆ ನಗುವವರೇ ಹೆಚ್ಚು. ನಾವು ಆ ನಗುವವರ ಸಾಲಿನಲ್ಲಿ ಇಲ್ಲ. ಕಥೆ ಬರೆಯುವವರಿಗೆ ಓದುಗರ ಅನುಮಾನ ಹಗುರವಾದ ವಸ್ತುವಲ್ಲ. ಅದನ್ನು ಎಲ್ಲಿ ಹುಟ್ಟಿಸಬೇಕು, ಎಲ್ಲಿಯವರೆಗೆ ಸಾಕಬೇಕು, ಯಾವ ಪುಟದಲ್ಲಿ ಕೈಬಿಡಬೇಕು ಎಂಬ ಲೆಕ್ಕದಲ್ಲೇ ನಮ್ಮ ಕಸುಬಿನ ಅರ್ಧ ಕಳೆದುಹೋಗುತ್ತದೆ. ಹಾಗಾಗಿ 2016ರ ಜೂನ್‌ನಿಂದ 2018ರ ಡಿಸೆಂಬರ್‌ವರೆಗೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ವೋಲ್ಟ್ರಾನ್: ಲೆಜೆಂಡರಿ ಡಿಫೆಂಡರ್' ಎಂಬ ಬಾಹ್ಯಾಕಾಶ ಸಾಹಸದ ಸರಣಿಯನ್ನೂ, ಅದರ ಅಭಿಮಾನಿಗಳು ನಡೆಸಿದ ಊಹಾಪೋಹವನ್ನೂ ನಾವು ಗಂಭೀರವಾಗಿಯೇ ಎತ್ತಿಕೊಂಡಿದ್ದೇವೆ. ಅಲ್ಲಿ ಒಂದು ಪ್ರಶ್ನೆ ಇದೆ. ಒಬ್ಬನ ಮೇಲೆ ನಾವು ಪಟ್ಟ ಗುಮಾನಿ ಕೊನೆಗೆ ನಿಜವೇ ಆಯಿತೆನ್ನಿ, ಆಗ ಹಾಗೆ ಗುಮಾನಿ ಪಟ್ಟಿದ್ದು ನ್ಯಾಯವಾಗಿಬಿಡುತ್ತದೆಯೇ?

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಬೇಕು. ಐದು ಸಿಂಹಗಳ ಆಕಾರದ ಐದು ಯಂತ್ರನೌಕೆಗಳು; ಐವರು ಅವನ್ನು ನಡೆಸುತ್ತಾರೆ; ಐದೂ ಜೋಡಿಸಿಕೊಂಡರೆ ವೋಲ್ಟ್ರಾನ್ ಎಂಬ ದೈತ್ಯ ಯೋಧ. ಎದುರಿಗೆ ಹತ್ತು ಸಾವಿರ ವರ್ಷಗಳಿಂದ ಬ್ರಹ್ಮಾಂಡವನ್ನು ಆಳುತ್ತಿರುವ ಗಾಲ್ರಾ ಎಂಬ ಜನಾಂಗದ ಸಾಮ್ರಾಜ್ಯ, ಅದರ ಚಕ್ರವರ್ತಿ ಝಾರ್ಕಾನ್, ಅವನ ಮಾಟಗಾತಿ ಹ್ಯಾಗರ್. ಝಾರ್ಕಾನ್ ಹಿಂದೆ ನಾಶಮಾಡಿದ ಆಲ್ಟಿಯಾ ಎಂಬ ಲೋಕದ ರಾಜಕುಮಾರಿ ಅಲ್ಯೂರಾ ಈ ಐವರನ್ನು ಒಟ್ಟುಗೂಡಿಸುತ್ತಾಳೆ. ಐವರಲ್ಲಿ ಮುಂದಾಳು ಶಿರೊ, ಒಂದು ವರ್ಷ ಗಾಲ್ರಾ ಸೆರೆಯಲ್ಲಿದ್ದು ತಪ್ಪಿಸಿಕೊಂಡು ಬಂದವನು, ಒಂದು ಕೈ ಶತ್ರುಗಳು ಜೋಡಿಸಿದ ಯಂತ್ರದ ಕೈ. ಇನ್ನೊಬ್ಬ ಕೀತ್, ಸಿಡುಕಿನ ಒಂಟಿ ಹುಡುಗ. ಮೂರನೆಯ ಪಿಡ್ಜ್‌ನನ್ನು ಎಲ್ಲರೂ ಹುಡುಗನೆಂದೇ ತಿಳಿದಿದ್ದರು. ಕಾಣೆಯಾದ ತಂದೆಯನ್ನೂ ಅಣ್ಣನನ್ನೂ ಹುಡುಕಲು ವೇಷ ಮರೆಸಿಕೊಂಡು ಬಂದ ಕೇಟಿ ಎಂಬ ಹುಡುಗಿ ಅವಳು. ಲ್ಯಾನ್ಸ್ ಮತ್ತು ಹಂಕ್ ಎಂಬಿಬ್ಬರ ಬಗ್ಗೆ ಯಾರಿಗೂ ಅಂಥ ಅನುಮಾನ ಇರಲಿಲ್ಲ, ಪುಣ್ಯವಂತರು.

ಕಥೆಯ ಹುಟ್ಟಿನಲ್ಲೇ ಒಂದು ಎರಡಾಟವಿದೆ. 1981ರಲ್ಲಿ ಜಪಾನಿನಲ್ಲಿ 'ಗೋಲಯನ್' ಎಂಬ ಸರಣಿ ಬಂತು. ಅದನ್ನೇ ಕತ್ತರಿಸಿ, ಮಾತು ಬದಲಿಸಿ 1984ರಲ್ಲಿ ಅಮೆರಿಕದವರು 'ವೋಲ್ಟ್ರಾನ್' ಎಂದು ಕರೆದರು. ಜಪಾನಿ ಕಥೆಯಲ್ಲಿ ಶಿರೊಗಾನೆ ಎಂಬ ಯೋಧ ಆರಂಭದಲ್ಲೇ ಸಾಯುತ್ತಾನೆ, ಮುಂದೆ ಅವನ ತಮ್ಮ ಬರುತ್ತಾನೆ. ಅಮೆರಿಕದ ಮಕ್ಕಳಿಗೆ ಸಾವು ತೋರಿಸಬಾರದೆಂದೋ ಏನೋ, ಸತ್ತವನನ್ನು ಗಾಯಗೊಂಡವನೆಂದು ಮಾಡಿದರು, ಬಂದ ತಮ್ಮನನ್ನು ಗುಣವಾಗಿ ಮರಳಿದ ಅವನೇ ಎಂದುಬಿಟ್ಟರು. ಇಬ್ಬರು ಮನುಷ್ಯರು ಒಂದೇ ಹೆಸರಿನೊಳಗೆ ಸೇರಿಹೋದರು. ಈ ಹಳೆಯ ಸಂಗತಿ ಗೊತ್ತಿದ್ದವರು ಹೊಸ ಸರಣಿಯ ಶಿರೊನನ್ನು ಮೊದಲ ದಿನದಿಂದಲೇ ಅನುಮಾನದಿಂದ ನೋಡಿದರೆ ಅವರದೇನೂ ತಪ್ಪಲ್ಲ. ಈತ ಸಾಯುತ್ತಾನೆಯೇ? ಸತ್ತರೆ ಇವನ ಮುಖ ಹೊತ್ತು ಬರುವವನು ಯಾರು?

ಇನ್ನೊಂದು ಕಾರಣ ಸರಣಿ ಬಿಡುಗಡೆಯಾದ ಕ್ರಮ. ಒಂದು ಕಂತಿನ ಎಲ್ಲ ಅಧ್ಯಾಯಗಳೂ ಒಂದೇ ದಿನ ಬರುತ್ತಿದ್ದವು. ಆಮೇಲೆ ಎರಡು ತಿಂಗಳು, ಐದು ತಿಂಗಳು, ಕೆಲವೊಮ್ಮೆ ಅರ್ಧ ವರ್ಷ ಮೌನ. ಒಟ್ಟು 78 ಅಧ್ಯಾಯ, ಎಂಟು ಕಂತು, ನಡುವೆ ಏಳು ಮೌನಗಳು. ಅನುಮಾನ ಬೆಳೆಯುವುದು ಇಂಥ ಬಿಡುವಿನಲ್ಲೇ. ಪತ್ರ ಬರದ ದಿನಗಳಲ್ಲಿ ಮನಸ್ಸು ಏನೇನು ಹೆಣೆಯುತ್ತದೆಂದು ಕಾದವರಿಗೆಲ್ಲ ಗೊತ್ತು.

'ಅನುಮಾನ' ಎಂಬ ಮಾತನ್ನು ಇಷ್ಟು ಹೊತ್ತು ಸಲೀಸಾಗಿ ಬಳಸಿದೆವು. ಅದರ ಹತ್ತಿರ ಸ್ವಲ್ಪ ನಿಲ್ಲಬೇಕು. ಸಂಸ್ಕೃತದ ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಸಂಶಯವಲ್ಲ, ಜ್ಞಾನದ ಒಂದು ದಾರಿ. ಬೆಟ್ಟದ ಮೇಲೆ ಹೊಗೆ ಕಂಡಿತು, ಆದ್ದರಿಂದ ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದು ಅನುಮಾನ. ಆ ಪದ ಕನ್ನಡದ ಬೀದಿಗಿಳಿದಾಗ ಅದರ ಮುಖವೇ ಬದಲಾಯಿತು. ನಮ್ಮಲ್ಲಿ 'ಅವನ ಮೇಲೆ ಅನುಮಾನ' ಎಂದರೆ ಹೊಗೆಯೂ ಬೇಡ, ಬೆಟ್ಟವೂ ಬೇಡ. ಉರ್ದುವಿನಿಂದ ಬಂದ 'ಗುಮಾನಿ'ಗೂ ಇದೇ ಗತಿ. ಉರ್ದುವಿನಲ್ಲಿ ಗುಮಾನ್ ಎಂದರೆ ಬರೀ ಭಾವಿಸುವುದು, ಖಚಿತವಲ್ಲದ ಎಣಿಕೆ. ಅದು ಕೆಟ್ಟದಾದಾಗ ಬದ್‌ಗುಮಾನಿ ಎನ್ನಬೇಕು. ಒಳ್ಳೆಯ ಎಣಿಕೆಗೆ ಹುಸ್ನೆ ಜನ್ ಎಂಬ ಬೇರೆಯೇ ಮಾತಿದೆ. ಕನ್ನಡಕ್ಕೆ ಬರುವಾಗ 'ಬದ್' ಎಂಬ ಮುಂದಿನ ತುಂಡು ಎಲ್ಲೋ ದಾರಿಯಲ್ಲಿ ಬಿದ್ದುಹೋಯಿತು, ಕೆಟ್ಟತನ ಮಾತ್ರ ಉಳಿಯಿತು. ಎರಡು ಭಾಷೆಗಳಿಂದ ಬಂದ ಎರಡು ಪದಗಳು ಒಂದೇ ಇಳಿಜಾರಿನಲ್ಲಿ ಜಾರಿವೆ. ಎಣಿಸುವುದಕ್ಕೂ ಶಂಕಿಸುವುದಕ್ಕೂ ನಡುವಿನ ಗೋಡೆ ಎಷ್ಟು ತೆಳುವೆಂಬುದು ಇದರಿಂದಲೇ ಗೊತ್ತಾಗುತ್ತದೆ.

ವೋಲ್ಟ್ರಾನ್ ಅಭಿಮಾನಿಗಳ ಎಣಿಕೆ ಹೊಗೆ-ಬೆಂಕಿಯ ಜಾತಿಯದು ಎಂದು ಅವರ ಪರವಾಗಿ ವಾದಿಸಬಹುದು. ಕೀತ್‌ನ ವಿಷಯವನ್ನೇ ನೋಡಿ. ಅವನ ಬಳಿ ಒಂದು ಕಠಾರಿ ಇದೆ, ಅದರ ಹಿಡಿಗೆ ಬಟ್ಟೆ ಸುತ್ತಿದೆ. ಬಟ್ಟೆ ಸುತ್ತಿದೆಯೆಂದರೆ ಅಡಿಯಲ್ಲಿ ಏನೋ ಇದೆ. ಯಾಕೆ ಹೀಗೆ ಹೇಳುತ್ತೇವೆ? ಚಿತ್ರಿಸಿದ ಕಥೆಯಲ್ಲಿ ಆಕಸ್ಮಿಕವೆಂಬುದು ಬಹಳ ಕಡಿಮೆ. ಮನುಷ್ಯರು ನಟಿಸುವ ಸಿನಿಮಾದಲ್ಲಿ ಗೋಡೆಯ ಮೇಲೆ ಹಲ್ಲಿಯೊಂದು ತಾನಾಗಿ ಹರಿದುಹೋಗಬಹುದು. ಕಾರ್ಟೂನಿನಲ್ಲಿ ಹಲ್ಲಿ ಬರಬೇಕಾದರೆ ಯಾರೋ ಕೂತು ಬರೆಯಬೇಕು, ಇನ್ನೊಬ್ಬರು ಬಣ್ಣ ತುಂಬಬೇಕು, ಮತ್ತೊಬ್ಬರು ಒಪ್ಪಬೇಕು. ಕೊರಿಯಾದ ಸ್ಟುಡಿಯೋ ಮೀರ್‌ನ ಚಿತ್ರಕಾರರು ಆ ಕಠಾರಿಗೆ ಬಟ್ಟೆಯನ್ನು ಸುಮ್ಮನೆ ಸುತ್ತಿರಲಾರರು. ಅಭಿಮಾನಿಗಳು ಕೀತ್‌ನ ತಾಯಿಯ ಕಡೆಯಿಂದ ಗಾಲ್ರಾ ರಕ್ತವಿರಬೇಕೆಂದು ಎಣಿಸಿದರು. 2017ರ ಜನವರಿಯಲ್ಲಿ ಬಂದ ಎರಡನೇ ಕಂತಿನಲ್ಲಿ ಅದು ನಿಜವಾಯಿತು. ಬಟ್ಟೆಯಡಿ ಇದ್ದದ್ದು 'ಮಾರ್ಮೋರಾ' ಎಂಬ ಗುಪ್ತ ದಳದ ಮುದ್ರೆ. ಗಾಲ್ರಾ ಜನಾಂಗದವರೇ ಆಗಿದ್ದು, ಗಾಲ್ರಾ ಸಾಮ್ರಾಜ್ಯದ ಒಳಗೇ ಇದ್ದುಕೊಂಡು ಅದನ್ನು ಉರುಳಿಸಲು ದುಡಿಯುವ ಗೂಢಚಾರರ ದಳ ಅದು.

ಆದರೆ ಆ ಎಣಿಕೆಗೆ ಒಂದು ಬಾಲವೂ ಇತ್ತು. ರಕ್ತದಲ್ಲಿ ಗಾಲ್ರಾ ಇದೆ, ಹಾಗಾದರೆ ಮುಂದೆ ಇವನು ಆ ಕಡೆಗೆ ಹೋಗಬಹುದು ಎಂದು ಎಣಿಸಿದವರಿದ್ದರು. ಮೊದಲ ಹೆಜ್ಜೆಗೆ ಕಠಾರಿಯ ಸಾಕ್ಷ್ಯವಿತ್ತು. ಎರಡನೆಯದಕ್ಕೆ ಏನಿತ್ತು? ಒಳ್ಳೆಯ ಸಂಗತಿಯೆಂದರೆ ಕಥೆಗಾರರು ಈ ಎರಡನೇ ಹೆಜ್ಜೆಯನ್ನು ಪ್ರೇಕ್ಷಕರ ತಲೆಯಲ್ಲೇ ಬಿಡಲಿಲ್ಲ, ಅಲ್ಯೂರಾಳ ಮುಖದ ಮೇಲೆ ತಂದಿಟ್ಟರು. ಕೀತ್‌ನ ಹುಟ್ಟು ತಿಳಿದ ಮೇಲೆ ಅವಳು ಅವನೊಡನೆ ಮಾತು ಕಡಿಮೆ ಮಾಡುತ್ತಾಳೆ. ಅವಳ ಲೋಕವನ್ನೇ ಸುಟ್ಟ ಜನಾಂಗ ಅದು, ಅವಳ ದುಃಖ ಸುಳ್ಳಲ್ಲ. ಆದರೂ ನಿನ್ನೆಯವರೆಗೆ ಪ್ರಾಣ ಪಣಕ್ಕಿಟ್ಟು ಜೊತೆಗಿದ್ದ ಹುಡುಗ ಇವತ್ತು ಬೆಳಿಗ್ಗೆ ಬೇರೆಯವನಾದ. ಅವನು ಮಾಡಿದ್ದೇನೂ ಇಲ್ಲ, ತನ್ನ ಬಗ್ಗೆ ಒಂದು ಸಂಗತಿ ತಿಳಿದುಕೊಂಡ, ಅಷ್ಟೆ. ತನ್ನ ಹೆಸರು ಹೇಳಿದ ಕೂಡಲೇ ಎದುರಿನವರ ಕಣ್ಣಿನಲ್ಲಿ ಒಂದು ಸಣ್ಣ ಲೆಕ್ಕಾಚಾರ ಓಡುವುದನ್ನು ಕಂಡವರಿಗೆ ಆ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಯೂರಾ ಆಮೇಲೆ ಕ್ಷಮೆ ಕೇಳುತ್ತಾಳೆ, ಅಪಾಯದ ಕೆಲಸಕ್ಕೆ ಹೊರಟ ಅವನನ್ನು ಅಪ್ಪಿಕೊಳ್ಳುತ್ತಾಳೆ. ಹುಟ್ಟಿನಿಂದ ನಿಯತ್ತನ್ನು ಅಳೆಯುವ ತಕ್ಕಡಿ ಕೆಟ್ಟದ್ದೆಂದು ಒಪ್ಪಿಕೊಳ್ಳಲು ಅವಳಿಗೆ ಕೆಲವು ಅಧ್ಯಾಯಗಳು ಸಾಕಾದವು. ಕಾರ್ಟೂನಿನ ಅನುಕೂಲವೇ ಅದು.

ಇದಕ್ಕೆ ಸ್ವಲ್ಪ ಮೊದಲು ನಡೆಯುವ ಒಂದು ಪ್ರಸಂಗ ನಮಗೆ ಇಡೀ ಸರಣಿಯಲ್ಲೇ ಬಹಳ ಇಷ್ಟವಾದದ್ದು. ಎಲ್ಲಿಗೆ ಓಡಿದರೂ ಝಾರ್ಕಾನ್ ಬೆನ್ನಟ್ಟಿ ಬರುತ್ತಿದ್ದಾನೆ. ಯಾರ ಮೂಲಕವೋ ಸುಳಿವು ಹೋಗುತ್ತಿದೆ. ಇಂಥ ಕಡೆ ಬೇರೆ ಕಥೆಗಾರರಾದರೆ ಐವರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುವಂತೆ ಬರೆಯುತ್ತಿದ್ದರು. ಇಲ್ಲಿ ಕೀತ್ ತನ್ನನ್ನೇ ಅನುಮಾನಿಸುತ್ತಾನೆ. ಅಲ್ಯೂರಾಳೂ ತನ್ನನ್ನೇ ಅನುಮಾನಿಸುತ್ತಾಳೆ. ಇಬ್ಬರೂ ಒಂದು ಸಣ್ಣ ನೌಕೆ ಹತ್ತಿ ಉಳಿದವರಿಂದ ದೂರ ಹೋಗುತ್ತಾರೆ, ಶತ್ರು ಬಂದರೆ ನಮ್ಮ ಹಿಂದೆ ಬರಲಿ ಎಂದು. ಶತ್ರು ಅವರ ಹಿಂದೆ ಬರುವುದಿಲ್ಲ. ಸುಳಿವು ಹೋಗುತ್ತಿದ್ದದ್ದು ಯಾವ ಮನುಷ್ಯನಿಂದಲೂ ಅಲ್ಲ. ಶಿರೊ ನಡೆಸುವ ಕಪ್ಪು ಸಿಂಹವನ್ನು ಹಿಂದೊಮ್ಮೆ ಝಾರ್ಕಾನನೇ ನಡೆಸುತ್ತಿದ್ದ, ಆ ಹಳೆಯ ನಂಟು ಹರಿದಿರಲಿಲ್ಲ. ಮನೆಯಲ್ಲಿ ಕಳ್ಳನಿದ್ದಾನೆಂದು ಎಲ್ಲರೂ ಅಂದುಕೊಂಡಿದ್ದಾಗ ಕಳ್ಳನೇ ಇರಲಿಲ್ಲ, ಬಾಗಿಲೊಂದು ತೆರೆದಿತ್ತು. ಯಾರು ಎಂದು ಕೇಳುವ ಅಭ್ಯಾಸವಾದವರಿಗೆ ಹೇಗೆ ಎಂಬ ಪ್ರಶ್ನೆ ತಡವಾಗಿ ಹೊಳೆಯುತ್ತದೆ.

ಇನ್ನು ನಮ್ಮ ಪಕ್ಷದ ಗೂಢಚಾರರ ಮಾತು. ಮೊದಲ ಕಂತಿನಲ್ಲಿಯೇ ಗಾಲ್ರಾ ಸೇನೆಯ ಒಳಗೆ ಥೇಸ್ ಎಂಬ ಅಧಿಕಾರಿ ಗುಟ್ಟಾಗಿ ವೋಲ್ಟ್ರಾನ್‌ಗೆ ನೆರವಾಗುತ್ತಿರುತ್ತಾನೆ. ಶಿರೊನನ್ನು ಸೆರೆಯಿಂದ ಬಿಡಿಸಿದವನು ಯುಲಾಝ್, ಅವನೂ ಅದೇ ಗುಪ್ತ ದಳದವನು. ಥೇಸ್ ಸುಳ್ಳು ಹೇಳುವಾಗ ನಾವು ಅವನ ಸುಳ್ಳು ಗೆಲ್ಲಲಿ ಎಂದು ಹಾರೈಸುತ್ತೇವೆ. ಹ್ಯಾಗರ್ ಅವನ ಹತ್ತಿರ ಬಂದಾಗ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಇದು ಉರ್ದು ಶಾಲೆಯಲ್ಲಿ ಕಲಿತವರಿಗೆ ಬಹಳ ಹಳೆಯ ರುಚಿ. ಇಬ್ನೆ ಸಫಿ 1955ರಿಂದ ಬರೆದ ಇಮ್ರಾನ್ ಸರಣಿಯಲ್ಲಿ ಇಮ್ರಾನ್ ಎಲ್ಲರೆದುರು ತಿಳಿಗೇಡಿಯಂತೆ ಆಡುತ್ತಾನೆ. ಅವನ ಕೈಕೆಳಗಿನವರಿಗೆ ತಮ್ಮ ನಿಗೂಢ ಮೇಲಧಿಕಾರಿ 'ಎಕ್ಸ್ ಟೂ' ಇವನೇ ಎಂದು ಗೊತ್ತಿಲ್ಲ, ಓದುಗನಿಗೆ ಗೊತ್ತು. ಗುಟ್ಟು ನಮಗೆ ತಿಳಿದಿದ್ದರೆ ಮೋಸವೂ ಮುದ್ದಾಗಿ ಕಾಣುತ್ತದೆ. ನಮ್ಮವನು ಅವರಲ್ಲಿ ಹೊಕ್ಕರೆ ಜಾಸೂಸ್, ಅವರವನು ನಮ್ಮಲ್ಲಿ ಹೊಕ್ಕರೆ ಗದ್ದಾರ್. ಥೇಸ್‌ನನ್ನು ವೀರನೆಂದು ಕೊಂಡಾಡಿದ ಬಾಯಲ್ಲೇ ಅಭಿಮಾನಿಗಳು ವೋಲ್ಟ್ರಾನ್ ಪಾಳಯದೊಳಗಿನ ಥೇಸ್ ಯಾರು ಎಂದು ಹುಡುಕುತ್ತಿದ್ದರು. ಪದಗಳನ್ನು ಹೀಗೆ ಪಕ್ಷ ನೋಡಿ ಹಂಚುವುದನ್ನು ನಾವು ಬರಿಯ ಆಟವೆಂದು ಬಿಡಲಾರೆವು.

ಹ್ಯಾಗರ್ ನಡೆಸಿದ ಹುಡುಕಾಟದಲ್ಲಿ ಥೇಸ್‌ಗಿಂತ ಮೊದಲು ಸಿಕ್ಕಿಬಿದ್ದದ್ದು ಪ್ರೊರೋಕ್ ಎಂಬ ಸೇನಾಧಿಕಾರಿ. ಅವನು ಬೇಹುಗಾರನಲ್ಲ. ಅನುಮಾನಕ್ಕೆ ಒಳಗಾದ ಅವನನ್ನು ಯಂತ್ರ ತುಂಬಿದ ರಾಕ್ಷಸನನ್ನಾಗಿ ಮಾಡಿ ಯುದ್ಧಕ್ಕೆ ಅಟ್ಟಿದರು. ಅವನಿಗಾಗಿ ಮರುಗಿದವರನ್ನು ನಾವು ಹೆಚ್ಚಾಗಿ ಕಂಡಿಲ್ಲ. ಅವನು ಅವರ ಕಡೆಯವನಲ್ಲವೇ?

ಆದರೆ ಗುಮಾನಿಯ ನಿಜವಾದ ಪರೀಕ್ಷೆ ನಡೆಯುವುದು ಲೋಟಾರ್‌ನಿಂದ. ಝಾರ್ಕಾನನ ಮಗ, ಅರ್ಧ ಗಾಲ್ರಾ ಅರ್ಧ ಆಲ್ಟಿಯನ್, 2017ರ ಆಗಸ್ಟ್‌ನಲ್ಲಿ ಮೂರನೇ ಕಂತಿನಲ್ಲಿ ಕಾಣಿಸಿಕೊಂಡ. ತಂದೆಯಂತೆ ಅಬ್ಬರಿಸುವವನಲ್ಲ, ಸೋತ ಎದುರಾಳಿಯನ್ನು ಅಖಾಡದಲ್ಲಿ ಕೊಲ್ಲದೆ ಎಬ್ಬಿಸಿ ಜನರ ಮನಸ್ಸು ಗೆಲ್ಲುವವನು. ಅವನಿಗೆ ನಾಲ್ವರು ಸೇನಾನಿಗಳು, ನಾಲ್ವರೂ ಹೆಂಗಸರು, ನಾಲ್ವರೂ ಮಿಶ್ರ ರಕ್ತದವರೆಂದು ಸಾಮ್ರಾಜ್ಯ ದೂರವಿಟ್ಟವರು. ಅವರಲ್ಲಿ ನಾರ್ಟಿ ಎಂಬವಳಿಗೆ ಕಣ್ಣಿಲ್ಲ, ಮಾತಿಲ್ಲ. ತನ್ನ ಬೆಕ್ಕಿನ ಕಣ್ಣಿನಿಂದ ಅವಳು ನೋಡುತ್ತಾಳೆ. ಅದೇ ಅಕ್ಟೋಬರ್‌ನಲ್ಲಿ ಬಂದ ನಾಲ್ಕನೇ ಕಂತಿನಲ್ಲಿ ಹ್ಯಾಗರ್ ಮಾಟದಿಂದ ಈ ನಾರ್ಟಿಯ ಒಳಹೊಕ್ಕು ಲೋಟಾರ್‌ನ ಚಲನವಲನ ನೋಡುತ್ತಿರುತ್ತಾಳೆ. ನಾರ್ಟಿಗೆ ಅದರ ಅರಿವಿತ್ತೆಂಬ ಸೂಚನೆ ಎಲ್ಲೂ ಇಲ್ಲ. ಲೋಟಾರ್‌ಗೆ ವಿಷಯ ಹೊಳೆಯುತ್ತದೆ. ಅವನು ಒಂದು ಮಾತೂ ಕೇಳದೆ ಕತ್ತಿ ಬೀಸುತ್ತಾನೆ. ನಾರ್ಟಿ ಅಲ್ಲೇ ಬೀಳುತ್ತಾಳೆ.

ಇದನ್ನು ನಿಧಾನವಾಗಿ ಯೋಚಿಸಬೇಕು. ಲೋಟಾರ್‌ನ ಗುಮಾನಿ ನೂರಕ್ಕೆ ನೂರು ಸರಿ. ಸುಳಿವು ಹೋಗುತ್ತಿದ್ದದ್ದು ಅವಳಿಂದಲೇ. ಪತ್ತೇದಾರಿ ಕಥೆಯ ಲೆಕ್ಕದಲ್ಲಿ ಅವನಿಗೆ ಪೂರ್ತಿ ಅಂಕ ಕೊಡಬೇಕು. ಆದರೂ ನೋಡುವವರ ಮೈ ಜುಂ ಎನ್ನುತ್ತದೆ. ಉಳಿದ ಮೂವರು ಸೇನಾನಿಗಳೂ ನೋಡುತ್ತಲೇ ನಿಂತಿದ್ದಾರೆ. ಬಹಳ ಹೊತ್ತಾಗುವ ಮೊದಲು ಆ ಮೂವರೇ ಲೋಟಾರ್‌ನನ್ನು ಹೊಡೆದು ಕೆಡವಿ ಶತ್ರುಗಳಿಗೆ ಒಪ್ಪಿಸಲು ಹೊರಡುತ್ತಾರೆ. ಅವರ ದೃಷ್ಟಿಯಿಂದ ನೋಡಿದರೆ ಇದು ತೀರ ಸಹಜ: ಏನೂ ಅರಿಯದ ನಾರ್ಟಿಯನ್ನು ಕೇಳದೆ ಕೊಂದವನು ನಾಳೆ ನಮ್ಮನ್ನು ಕೊಲ್ಲಲಾರನೇ? ಇಲ್ಲದಿದ್ದ ದ್ರೋಹಕ್ಕೆ ಶಿಕ್ಷೆ ಕೊಟ್ಟವನು ಇಲ್ಲದಿದ್ದ ದ್ರೋಹವನ್ನು ಹುಟ್ಟಿಸಿಕೊಂಡ. ಅಭಿಮಾನಿಗಳಲ್ಲಿ ಅನೇಕರು ಲೋಟಾರ್‌ನನ್ನು ಸಮರ್ಥಿಸಿದರು. ಯುದ್ಧಕಾಲ, ತಡಮಾಡಿದ್ದರೆ ಎಲ್ಲರೂ ಸಿಕ್ಕಿಬೀಳುತ್ತಿದ್ದರು ಎಂದರು. ಇರಬಹುದು. ಆದರೆ ಬೆಕ್ಕನ್ನು ದೂರ ಮಾಡುವ, ಅವಳನ್ನು ಬೇರೆ ಕಡೆ ಕಳಿಸುವ, ಕನಿಷ್ಠ ಅವಳಿಗೆ ಹೇಳುವ ದಾರಿಗಳನ್ನು ಅವನು ನೋಡಲೇ ಇಲ್ಲ. ನಿಜ ತಿಳಿಯುವುದಕ್ಕೂ ಕೈ ಎತ್ತುವುದಕ್ಕೂ ನಡುವೆ ಅವನಲ್ಲಿ ಒಂದು ಉಸಿರಿನಷ್ಟೂ ಜಾಗವಿರಲಿಲ್ಲ.

ಇನ್ನು ಲೋಟಾರ್‌ನ ಮೇಲೆಯೇ ಇದ್ದ ಗುಮಾನಿ. ಅವನು ಕೀತ್‌ನ ಪ್ರಾಣ ಉಳಿಸಿದ, ಹ್ಯಾಗರ್‌ಳ ಸಂಚು ಕೆಡಿಸಿದ, ಐದನೇ ಕಂತಿನಲ್ಲಿ ತಂದೆಯನ್ನೇ ಕೊಂದ, ಅಲ್ಯೂರಾಳ ಜೊತೆ ಸೇರಿ ಶಾಂತಿಯ ಮಾತಾಡಿದ. ಅಭಿಮಾನಿಗಳು ಎರಡು ಪಾಳಯವಾದರು. ಒಂದು ಪಾಳಯ ಅವನು ಕೈಕೊಟ್ಟೇ ಕೊಡುತ್ತಾನೆ ಎನ್ನುತ್ತಿತ್ತು. ಅವನು ಕೆಟ್ಟದ್ದು ಮಾಡಿದರೆ ನೋಡಿ ಹೇಳಲಿಲ್ಲವೇ ಎನ್ನುವರು, ಒಳ್ಳೆಯದು ಮಾಡಿದರೆ ನಂಬಿಕೆ ಗಳಿಸುವ ನಾಟಕ ಎನ್ನುವರು. ಹೀಗೆ ತೂಗಿದರೆ ಆ ಮನುಷ್ಯ ಏನು ಮಾಡಿ ಪಾರಾಗಬೇಕು?

ಈ ತರ್ಕ ಕಾರ್ಟೂನ್ ನೋಡುವವರ ಸ್ವತ್ತಲ್ಲ. ಬಾಹ್ಯಾಕಾಶದಿಂದ ಸ್ವಲ್ಪ ಹೊತ್ತು ನೆಲಕ್ಕಿಳಿದು, ನಿಜವಾದ ಬೇಹುಗಾರರಲ್ಲಿ ಇದರ ಬೆಲೆ ತೆತ್ತ ಒಬ್ಬನನ್ನು ನೆನೆಯೋಣ. ಯೂರಿ ನೊಸೆಂಕೊ ಎಂಬ ಸೋವಿಯತ್ ಗುಪ್ತಚರ ಅಧಿಕಾರಿ 1964ರಲ್ಲಿ ಅಮೆರಿಕದ ಕಡೆಗೆ ಬಂದ. ಸಿಐಎಯ ಕೆಲವು ಹಿರಿಯರು ಇವನು ಕಳಿಸಲ್ಪಟ್ಟವನೆಂದು ಶಂಕಿಸಿದರು. ಅವನ ಮಾತಿನಲ್ಲಿ ಸುಳ್ಳು ಸಿಕ್ಕರೆ ಅದು ಸಾಕ್ಷಿ, ನಿಜ ಸಿಕ್ಕರೆ ಅದು ದೊಡ್ಡ ಸುಳ್ಳಿಗೆ ಹಾಸಿದ ಹಾಸಿಗೆ. ವಿಚಾರಣೆಯಿಲ್ಲ, ನ್ಯಾಯಾಲಯವಿಲ್ಲ, ಮೂರು ವರ್ಷಕ್ಕೂ ಹೆಚ್ಚು ಕಾಲ ಒಂಟಿ ಸೆರೆ. ಕೊನೆಗೆ ಅವನು ನಿಜವಾಗಿಯೇ ಪಕ್ಷ ಬಿಟ್ಟು ಬಂದವನೆಂದು ಅದೇ ಸಂಸ್ಥೆ ಒಪ್ಪಿಕೊಂಡು, ಅವನಿಗೆ ಕೆಲಸ ಕೊಟ್ಟಿತು. ಅವನನ್ನು ಶಂಕಿಸಿದವರು ದಡ್ಡರಲ್ಲ, ತಮ್ಮ ಕಸುಬಿನಲ್ಲಿ ನುರಿತವರು. ಕಥೆ ಓದುವವನಂತೆ ಮನುಷ್ಯನನ್ನು ಓದಿದರು. ಬದುಕಿನಲ್ಲಿ ಯಾರೂ ಕೂತು ಕಠಾರಿಗೆ ಬಟ್ಟೆ ಸುತ್ತುವುದಿಲ್ಲ. ಪಕ್ಕದ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ದೀಪ ಉರಿಯುತ್ತಿದ್ದರೆ ಅದು ಯಾವ ಕಥೆಗಾರನೂ ಇಟ್ಟ ಸುಳಿವಲ್ಲ. ಮಗುವಿಗೆ ಜ್ವರ ಬಂದಿರಬಹುದು.

ಕಾರ್ಟೂನಿನಲ್ಲಿ ಲೋಟಾರ್‌ನ ಮೇಲಿನ ಗುಮಾನಿ ನಿಜವಾಯಿತು. 2018ರ ಜೂನ್‌ನಲ್ಲಿ ಬಂದ ಆರನೇ ಕಂತಿನಲ್ಲಿ ರೋಮೆಲ್ ಎಂಬ ಹುಡುಗಿ ಬಂದು ಸಾಕ್ಷಿ ನುಡಿಯುತ್ತಾಳೆ. ಅಳಿದುಳಿದ ಆಲ್ಟಿಯನ್ನರನ್ನು ಲೋಟಾರ್ ಒಂದು ಗುಪ್ತ ನೆಲೆಯಲ್ಲಿ ಕಾಪಾಡಿದ್ದ. ಕಾಪಾಡಿ, ಅವರಲ್ಲಿ ಕೆಲವರನ್ನು ಕೊಂಡೊಯ್ದು ಅವರ ಜೀವಸತ್ವವನ್ನು ಹಿಂಡುತ್ತಿದ್ದ. ಅವನ ಸಮರ್ಥನೆಯೂ ಸಿದ್ಧವಾಗಿತ್ತು: ಸಾವಿರಾರು ಮಂದಿಯನ್ನು ಉಳಿಸಿದೆ, ಕೆಲವರನ್ನು ಬಳಸಿಕೊಂಡೆ. ಅಂದು ಮೊದಲ ಪಾಳಯ ಗೆದ್ದಿತು. ಆದರೆ ಏನನ್ನು ಗೆದ್ದಿತು? ಅವರಲ್ಲಿ ಎರಡು ಬಗೆಯವರಿದ್ದರು. ಕೆಲವರು ನಾರ್ಟಿಯ ಸಾವನ್ನು ನೋಡಿ, ತನ್ನವರನ್ನು ಹೀಗೆ ಕೊಡವಿಕೊಳ್ಳಬಲ್ಲವನು ನಂಬಲರ್ಹನಲ್ಲ ಎಂದವರು. ಇವರದು ಹೊಗೆ ಕಂಡು ಬೆಂಕಿ ಎಂದ ಅನುಮಾನ, ಇವರಿಗೆ ನಾವು ಕೈಮುಗಿಯುತ್ತೇವೆ. ಇನ್ನು ಕೆಲವರು ಝಾರ್ಕಾನನ ಮಗ, ಗಾಲ್ರಾ ರಕ್ತ, ಇನ್ನೇನಾದಾನು ಎಂದವರು. ಇವರ ಮಾತೂ ನಿಜವಾಯಿತು. ಆದರೆ ಇದೇ ತಕ್ಕಡಿಯಲ್ಲಿ ಕೀತ್‌ನನ್ನು ತೂಗಿದಾಗ ಅದು ಸುಳ್ಳು ತೂಕ ತೋರಿಸಿತ್ತು. ಕೆಟ್ಟುನಿಂತ ಗಡಿಯಾರವೂ ದಿನಕ್ಕೆ ಎರಡು ಸಲ ಸರಿ ತೋರಿಸುವುದನ್ನು ನೋಡಿ ಅದನ್ನು ಕೈಗೆ ಕಟ್ಟಿಕೊಂಡು ಹೊರಟರೆ ಬಸ್ಸು ತಪ್ಪುತ್ತದೆ. ಗೆದ್ದ ಗುಮಾನಿಗಳನ್ನು ಮಾತ್ರ ನೆನಪಿಡುವ ಚಾಳಿಯೂ ಇಲ್ಲಿ ಕೆಲಸ ಮಾಡಿತು. ಲೋಟಾರ್‌ನ ಸೇನಾನಿ ಅಕ್ಸಾ ಕೀತ್‌ನ ಅಕ್ಕನೆಂದೂ ತಾಯಿಯೆಂದೂ ಎಣಿಸಿದವರಿದ್ದರು. ಅದು ಸುಳ್ಳಾಯಿತು, ಯಾರೂ ಅದರ ಲೆಕ್ಕ ಒಪ್ಪಿಸಲಿಲ್ಲ. ಕಾರ್ಟೂನಿನ ಪಾತ್ರದ ಮೇಲೆ ಬಿದ್ದ ಸುಳ್ಳು ಗುಮಾನಿಗೆ ಬೆಲೆ ತೆರುವವರಿಲ್ಲ. ಆಟದ ಸುಖವೂ ಅಲ್ಲೇ ಇದೆ, ಅದನ್ನು ನಾವು ಯಾರಿಂದಲೂ ಕಸಿಯಬೇಕೆನ್ನುವುದಿಲ್ಲ.

ಈಗ ಶಿರೊನ ಬಳಿಗೆ ಬರೋಣ. ನಾರ್ಟಿಯ ಪ್ರಶ್ನೆ ಇಲ್ಲಿ ಇನ್ನೊಮ್ಮೆ, ಇನ್ನೂ ಹತ್ತಿರದಿಂದ, ಎದ್ದುನಿಲ್ಲುತ್ತದೆ. ಎರಡನೇ ಕಂತಿನ ಕೊನೆಯ ಯುದ್ಧ ಮುಗಿದಾಗ ಶಿರೊ ಕುಳಿತ ಜಾಗ ಖಾಲಿಯಾಗಿತ್ತು. ಮೂರನೇ ಕಂತಿನಲ್ಲಿ ಅವನು ಒಂದು ಗಾಲ್ರಾ ನೌಕೆಯಲ್ಲಿ ಕಣ್ಣು ತೆರೆಯುತ್ತಾನೆ, ಕೂದಲು ಬೆಳೆದಿದೆ. ಹಸಿವಿನಿಂದ, ಗಾಯದಿಂದ ತತ್ತರಿಸಿ ಹೇಗೋ ತಪ್ಪಿಸಿಕೊಂಡು ಗೆಳೆಯರನ್ನು ಸೇರುತ್ತಾನೆ. ಆ ಅಧ್ಯಾಯದ ಕೊನೆಗೆ ಶತ್ರುಗಳು ಒಂದು ಮಾತಾಡುತ್ತಾರೆ: ಕೂರಾನ್ ಕಾರ್ಯಾಚರಣೆ. ಇಂಗ್ಲಿಷಿನ 'ಕ್ಲೋನ್' ಎಂಬ ಪದವನ್ನು ಜಪಾನಿಯರು ಹೆಚ್ಚುಕಡಿಮೆ ಹೀಗೆಯೇ ಉಚ್ಚರಿಸುತ್ತಾರೆ. ಅಭಿಮಾನಿಗಳಿಗೆ ಅಷ್ಟು ಸಾಕಾಯಿತು. ಬಂದಿರುವವನು ಶಿರೊ ಅಲ್ಲ, ಶಿರೊನ ನಕಲು ಎಂದರು. ನಕಲಿಗೆ ಕೂರಾನ್ ಎಂದೇ ಹೆಸರಿಟ್ಟರು. ಒಂದು ವರ್ಷ ಅವನ ಒಂದೊಂದು ಚಲನೆಯನ್ನೂ ತಡೆದು ನಿಲ್ಲಿಸಿ ನೋಡಿದರು. ಇದು ಹಳೆಯ ಶಿರೊ ಆಡುವ ಮಾತೇ? ಅವನು ಹೀಗೆ ಸಿಡುಕುತ್ತಿದ್ದನೇ? ತಲೆನೋವೆಂದು ಹಣೆ ಹಿಡಿದುಕೊಂಡನಲ್ಲ, ಯಾಕೆ?

ಅವರ ಎಣಿಕೆ ಅಕ್ಷರಶಃ ನಿಜವಾಯಿತು. ಹ್ಯಾಗರ್ ಅವನ ಕಣ್ಣಿನ ಮೂಲಕ ಎಲ್ಲವನ್ನೂ ನೋಡುತ್ತಿದ್ದಳು. ಆರನೇ ಕಂತಿನಲ್ಲಿ ಅವಳ ಕರೆ ಬಂದಾಗ ಅವನು ಗೆಳೆಯರ ಮೇಲೆಯೇ ಕೈಮಾಡಿ ಲೋಟಾರ್‌ನನ್ನು ಬಿಡಿಸಿಕೊಂಡು ಹೋದ. ಹಾಗಾದರೆ ಅವನು ದ್ರೋಹಿಯೇ? ಅವನಿಗೆ ತಾನು ಶಿರೊ ಎಂದೇ ಗೊತ್ತಿತ್ತು. ಹಸಿದು ತತ್ತರಿಸಿ ಬಂದ ದಾರಿ ಅವನ ಪಾಲಿಗೆ ನಾಟಕವಾಗಿರಲಿಲ್ಲ. ನಾನು ನಾನಾಗಿಲ್ಲ ಎಂದೆನಿಸುತ್ತಿದೆ ಎಂದು ಲ್ಯಾನ್ಸ್‌ನ ಬಳಿ ಅವನೇ ಹೇಳಿಕೊಂಡಿದ್ದ. ಬೇಹುಗಾರಿಕೆಗೆ ಮನಸ್ಸು ಬೇಕು, ಮರೆಸುವ ಉದ್ದೇಶ ಬೇಕು. ಥೇಸ್‌ಗೆ ಅವೆರಡೂ ಇದ್ದವು. ಇವನು ಬೇಹುಗಾರನಲ್ಲ, ಬೇಹಿನ ಕಿಟಕಿ. ಕಿಟಕಿಯಿಂದ ಯಾರೋ ಇಣುಕಿದರೆಂದು ಕಿಟಕಿಯನ್ನು ಕಳ್ಳ ಎನ್ನಲಾಗುವುದೇ? ಅಪಾಯ ಮಾತ್ರ ನಿಜ. ಅವನನ್ನು ತಡೆಯದಿದ್ದರೆ ಗೆಳೆಯರು ಸಾಯುತ್ತಾರೆ. ಲೋಟಾರ್ ಎದುರಿಗೆ ನಾರ್ಟಿ ನಿಂತಿದ್ದ ಜಾಗದಲ್ಲೇ ಈಗ ಕೀತ್ ಎದುರಿಗೆ ಇವನು ನಿಂತಿದ್ದಾನೆ.

ಕೀತ್ ಅವನನ್ನು ಬೆನ್ನಟ್ಟಿ ಹೋದ. ಹೋದಲ್ಲಿ ಕಂಡದ್ದು ಸಾಲುಸಾಲಾಗಿ ಗಾಜಿನ ತೊಟ್ಟಿಗಳಲ್ಲಿ ಮಲಗಿದ್ದ ಶಿರೊಗಳು. ಎದುರಿಗಿರುವವನು ನಕಲು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಅಂದರೆ ಕೀತ್‌ನದು ಅಜ್ಞಾನದ ನಂಬಿಕೆಯಲ್ಲ. ತಿಳಿದ ಮೇಲೂ ಅವನು ಕಾದಾಡುತ್ತಾ ಅವನನ್ನು ತನ್ನ ಅಣ್ಣನೆಂದೇ ಕರೆದ. ಶತ್ರು ಜೋಡಿಸಿದ ಆ ಯಂತ್ರದ ಕೈಯನ್ನು ಕಡಿದ, ಮನುಷ್ಯನನ್ನು ಕಡಿಯಲಿಲ್ಲ. ನೆಲೆ ಕುಸಿದು ಇಬ್ಬರೂ ಪಾತಾಳದ ಬಾಯಲ್ಲಿ ತೂಗುತ್ತಿದ್ದಾಗ ಒಂದು ಕೈ ಬಿಟ್ಟಿದ್ದರೆ ಅವನೊಬ್ಬ ಬದುಕುತ್ತಿದ್ದ. ಬಿಡಲಿಲ್ಲ, ಇಬ್ಬರೂ ಬಿದ್ದರು. ಬೀಳುವವರನ್ನು ಕಪ್ಪು ಸಿಂಹ ಹಿಡಿಯಿತು. ಸಿಂಹ ಬರುವುದೆಂದು ಅವನಿಗೆ ಗೊತ್ತಿರಲಿಲ್ಲ ಎಂಬುದನ್ನು ನಾವು ಮರೆಯಬಾರದು. ಒಂದು ಕಾಲಕ್ಕೆ ಹುಟ್ಟಿನ ಕಾರಣಕ್ಕೆ ಓರೆನೋಟ ಉಂಡ ಹುಡುಗನೇ ಇಲ್ಲಿ ಹೀಗೆ ನಡೆದುಕೊಂಡದ್ದು ಕಥೆಗಾರರು ಬೇಕೆಂದೇ ಮಾಡಿದ್ದೋ ತಾನಾಗಿ ಬಂದದ್ದೋ ಹೇಳಲಾರೆವು. ಕಥೆ ಬರೆಯುವಾಗ ಎರಡೂ ನಡೆಯುತ್ತದೆ.

ಆಮೇಲಿನದ್ದು ನಮಗೆ ಅಷ್ಟು ಸಮಾಧಾನ ಕೊಡಲಿಲ್ಲ. ನಿಜವಾದ ಶಿರೊ ಆ ಯುದ್ಧದಲ್ಲೇ ಸತ್ತಿದ್ದ, ಅವನ ಚೈತನ್ಯವನ್ನು ಕಪ್ಪು ಸಿಂಹ ಉಳಿಸಿಕೊಂಡಿತ್ತು. ಅಲ್ಯೂರಾ ಆ ಚೈತನ್ಯವನ್ನು ಎತ್ತಿ ನಕಲಿನ ದೇಹಕ್ಕೆ ಸೇರಿಸಿದಳು. ಕೂದಲು ಬೆಳ್ಳಗಾಗಿ ಶಿರೊ ಎದ್ದುಕುಳಿತ. ಎಲ್ಲರೂ ಕಣ್ಣೀರಿಟ್ಟು ಅಪ್ಪಿಕೊಂಡರು, ಕಥೆ ಭೂಮಿಯ ಕಡೆಗೆ ಮುಖ ಮಾಡಿತು. ಹಾಗಾದರೆ ಒಂದು ವರ್ಷ ಆ ದೇಹದಲ್ಲಿ ಹಸಿದು, ನಕ್ಕು, ಸಿಡುಕಿ, ಗೆಳೆಯರಿಗಾಗಿ ಹೋರಾಡಿ, ತಲೆನೋವೆಂದು ಒದ್ದಾಡಿದವನು ಎಲ್ಲಿ ಹೋದ? 1984ರಲ್ಲಿ ತಮ್ಮನನ್ನು ಅಣ್ಣನ ಹೆಸರಿನಲ್ಲಿ ಮುಚ್ಚಿಹಾಕಿದ ಹಾಗೆಯೇ ಇವನನ್ನೂ ಮುಚ್ಚಿಹಾಕಲಾಯಿತೆಂದು ನಮಗನ್ನಿಸುತ್ತದೆ. ಅವನಿಗಾಗಿ ಯಾರೂ ಒಂದು ನಿಮಿಷ ನಿಲ್ಲಲಿಲ್ಲ.

ನಿಂತವರು ಅಭಿಮಾನಿಗಳು. ಅವನನ್ನು ಹಿಡಿದುಹಾಕಲೆಂದು ಒಂದು ವರ್ಷ ಕಣ್ಣಿಟ್ಟು ಕಾದವರಲ್ಲೇ ಕೆಲವರು, ಅವನು ಇಲ್ಲವಾದ ಮೇಲೆ ಅವನಿಗಾಗಿ ದುಃಖಪಟ್ಟರು. ಅವನು ಬದುಕಿ ತನ್ನದೇ ಬಾಳು ಕಟ್ಟಿಕೊಂಡಂತೆ ಬೇರೆ ಕೊನೆಗಳನ್ನು ಕಲ್ಪಿಸಿ ಬರೆದರು. ಆ ಬರಹಗಳಲ್ಲಿ ಅವನನ್ನು ಕರೆಯಲು ಒಂದು ಹೆಸರು ಬೇಕಿತ್ತು. ಸರಣಿಯ ಒಳಗೆ ಅವನಿಗೆಂದು ಯಾರೂ ಒಂದು ಹೆಸರಿಟ್ಟಿರಲಿಲ್ಲ. ಇದ್ದದ್ದು ಅವನನ್ನು ಶಂಕಿಸಿದ ದಿನ ಅವರೇ ಇಟ್ಟ ಹೆಸರು. ಅದರಿಂದಲೇ ಕರೆದರು, ಕೂರಾನ್ ಎಂದು.